ಜೂನ್ ಒಂದು, ಗೌರಿ ಹುಣ್ಣಿಮೆ

ನನ್ನ ಅಣ್ಣ ಕಾಯ್ದೆಗೆ ಹೆದರುವ ಮನುಷ್ಯ. ಹೊಲಕ್ಕೆ ಹೋಗುವ ಕಚ್ಚಾ ದಾರಿಯಲ್ಲೂ ಹೆಲ್ಮೆಟ್ ಹಾಕಿಕೊಂಡೇ ಮೋಟರ್ ಸೈಕಲ್ ಓಡಿಸುತ್ತಾನೆ. ಏಪ್ರಿಲ್ ಮೊದಲ ವಾರ ಫೋನ್ ಮಾಡಿ ಮಗಳ ಮದುವೆ ಗೊತ್ತಾದ ಸುದ್ದಿ ಹೇಳಿದಾಗಲೂ ಅವನ ದನಿಯಲ್ಲಿ ಸಂತೋಷಕ್ಕಿಂತ ಹೆಚ್ಚಾಗಿ ಕಾಯ್ದೆ ಪಾಲಿಸಿದವನ ಹೆಮ್ಮೆಯೇ ಇತ್ತು.

"ರಾಮದುರ್ಗದ ಬೀಗರು ಮೇ ತಿಂಗಳದಾಗ ಮುಗಿಸೂಣು ಅಂದ್ರು. ನಾ ಒಪ್ಪಲಿಲ್ಲ. ಜೂನ್ ಒಂದ ದಾಟಲಿ, ಹುಡುಗಿಗೆ ಹದಿನೆಂಟ ತುಂಬಲಿ, ಆಮ್ಯಾಲೆ ಅಕ್ಷತಿ ಅಂದೆ. ಕಾಯ್ದೆ ಮೀರೂದು ನಮಗ್ಯಾಕ ಬೇಕು?"

ನಾನು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಕಿತ್ತೂರಿನ ಕಡೆ, ದೇಗಾಂವದಿಂದ ಸ್ವಲ್ಪ ಮುಂದಿನ ಒಂದು ಹಳ್ಳಿಯ ಶಾಲೆಗೆ ನಾನು ಮುಖ್ಯೋಪಾಧ್ಯಾಯಿನಿ. "ಚಲೋ ಆತು ಬಿಡು" ಎಂದು ಫೋನ್ ಇಟ್ಟೆ. ನನ್ನ ಬಸ್ಸು ಬಂತು, ಹೋಯಿತು. ಅದು ಹೋದದ್ದು ನನಗೆ ಗೊತ್ತಾದದ್ದು ಹೂವಿನವಳು "ಅಕ್ಕೋರ, ಇವತ್ತ ಸಾಲಿ ಸೂಟಿ ಏನ್ರಿ?" ಎಂದು ಕೇಳಿದಾಗ.

ಆ ಜೂನ್ ಒಂದನ್ನು ಬರೆದವಳು ನಾನು. ಹುಡುಗಿ ಹುಟ್ಟಿದ್ದು ಅಂದಲ್ಲ, ಆ ವರ್ಷವೂ ಅಲ್ಲ.

ನಮ್ಮ ಕಡೆ ಜೂನ್ ಒಂದನೇ ತಾರೀಖಿಗೆ ಹುಟ್ಟಿದವರು ಊರ ತುಂಬ ಸಿಗುತ್ತಾರೆ. ಮಗುವಿನ ಕೈ ಹಿಡಿದು ಬಂದ ಅಪ್ಪನಿಗೆ ಹುಟ್ಟಿದ ದಿನ ಯಾವುದೆಂದು ಮಾಸ್ತರು ಕೇಳಿದರೆ "ಜ್ವಾಳಾ ಕೊಯ್ಯೂಮುಂದ ಹುಟ್ಯಾನ್ರಿ" ಎಂಬ ಉತ್ತರ ಬರುತ್ತಿತ್ತು. ಜೋಳದ ಸುಗ್ಗಿಯನ್ನು ರಜಿಸ್ಟರಿನ ಯಾವ ಮನೆಯಲ್ಲಿ ಬರೆಯುವುದು? ಮಾಸ್ತರು ಮಗುವನ್ನು ಮೇಲೆ ಕೆಳಗೆ ನೋಡಿ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿತೋ, ಆರು ವರ್ಷ, ಜೂನ್ ಒಂದು. ನಾನೂ ಜೂನ್ ಒಂದರವಳೇ, ನನ್ನ ಅಣ್ಣನೂ ಜೂನ್ ಒಂದರವನೇ. ಕಾಗದದ ಪ್ರಕಾರ ನಮ್ಮಿಬ್ಬರ ನಡುವೆ ಸರಿಯಾಗಿ ಎರಡು ವರ್ಷ, ಒಂದು ದಿನ ಹೆಚ್ಚಿಲ್ಲ, ಕಡಿಮೆ ಇಲ್ಲ.

ಅಣ್ಣನ ಮಗಳು ಹುಟ್ಟುವ ಹೊತ್ತಿಗೆ ಕಾಲ ಬದಲಾಗಿತ್ತು, ಆಸ್ಪತ್ರೆಯಿಂದಲೇ ಕಾಗದ ಬರುತ್ತಿತ್ತು. ಆದರೆ ವೈನಿ ಹೆರಿಗೆಗೆ ತವರಿಗೆ ಹೋಗಿದ್ದಳು. ಅದು ರಾಮದುರ್ಗದಾಚೆಯ ಸಣ್ಣ ಊರು. ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಕೂಸು ಮನೆಯಲ್ಲೇ ಹುಟ್ಟಿಬಿಟ್ಟಿತು. ಅವರು ಬರೆಸಿರಬೇಕು ಎಂದು ಇವರು, ಇವರು ಬರೆಸಿರಬೇಕು ಎಂದು ಅವರು ಸುಮ್ಮನಾದರು. ಎಲ್ಲಿಯೂ ಹುಟ್ಟಿನ ದಾಖಲೆ ಆಗಲಿಲ್ಲ.

ಆಗ ನಾನು ನಮ್ಮೂರ ಶಾಲೆಯಲ್ಲೇ ಟೀಚರ್. ಹುಡುಗಿ ನಾಲ್ಕೂವರೆ ವರ್ಷದವಳು, ಅಂಗನವಾಡಿಯಿಂದ ತಪ್ಪಿಸಿಕೊಂಡು ಬಂದು ನನ್ನ ಒಂದನೇ ತರಗತಿಯಲ್ಲಿ ಕೂರುತ್ತಿದ್ದಳು. ಮಗ್ಗಿಯನ್ನು ಆ ಮಕ್ಕಳಿಗಿಂತ ಮೊದಲೇ ಹೇಳುತ್ತಿದ್ದಳು. ಇವಳನ್ನು ಇನ್ನೂ ಒಂದು ವರ್ಷ ಗೊಂಬೆ ಹಿಡಿದು ಕೂರಿಸುವುದೇ ಎಂದು ನನಗೆ ಅನ್ನಿಸಿತು. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ: ಆ ವರ್ಷ ಒಂದನೇ ತರಗತಿಗೆ ಮಕ್ಕಳು ಕಡಿಮೆ ಇದ್ದರು, ಒಂದು ಹೆಸರು ಹೆಚ್ಚಾದರೆ ನನಗೂ ಬೇಕಾಗಿತ್ತು. "ಕಿವಿ ಮುಟ್ಟು ನೋಡೋಣ" ಎಂದೆ. ಬೆರಳು ಕಿವಿಯ ಮೇಲೆ ಎರಡು ಬೆರಳಷ್ಟು ದೂರ ನಿಂತಿತು. ನಾನು ಅವಳ ತಲೆಯನ್ನು ಮೆಲ್ಲಗೆ ಬಲಕ್ಕೆ ವಾಲಿಸಿದೆ. ಮುಟ್ಟಿತು. ಅವಳು ನಕ್ಕಳು, ನಾನೂ ನಕ್ಕೆ, ಅಣ್ಣ ಸಹಿ ಮಾಡಿದ. ಅಂದು ಅವನೂ ಏನನ್ನೂ ಓದದೆ ಸಹಿ ಮಾಡಿದ್ದ, ತಂಗಿ ಬರೆದದ್ದಲ್ಲವೇ.

ಹೀಗೆ ಅವಳು ಒಂದೂವರೆ ವರ್ಷ ದೊಡ್ಡವಳಾದಳು. ಪ್ರತಿ ಜೂನ್ ಒಂದಕ್ಕೆ ನಾನೇ ಹೊಸ ಫ್ರಾಕು ಒಯ್ದು ಕೊಡುತ್ತಿದ್ದೆ. ಸುಳ್ಳನ್ನು ವರ್ಷ ವರ್ಷ ಹಬ್ಬ ಮಾಡಿ ಸಾಕಿದವಳು ನಾನೇ.

ಆ ಭಾನುವಾರ ಊರಿಗೆ ಹೋದೆ. ಅಣ್ಣ ನೀಲಿ ಪ್ಲಾಸ್ಟಿಕ್ ಕವರಿನಲ್ಲಿ ಮದುವೆಯ ಕಾಗದಗಳನ್ನೆಲ್ಲ ಜೋಡಿಸಿ ಇಟ್ಟಿದ್ದ. ತೆಗೆದು ನೋಡಿದೆ. ಮೇಲೆ ಹತ್ತನೇ ತರಗತಿಯ ಅಂಕಪಟ್ಟಿ: ಜೂನ್ ಒಂದು. ಅದರ ಬೆನ್ನಿಗೆ ಅಂಟಿಕೊಂಡಂತೆ ಕುಂಡಲಿ: ಸರ್ವಧಾರಿ ಸಂವತ್ಸರ, ಕಾರ್ತಿಕ ಶುದ್ಧ ಪೌರ್ಣಿಮೆ, ಕೃತ್ತಿಕಾ ನಕ್ಷತ್ರ. ದೀಪಾವಳಿಯ ನಂತರ ಬರುವ ನಮ್ಮ ಗೌರಿ ಹುಣ್ಣಿಮೆ. ಒಬ್ಬಳೇ ಹುಡುಗಿ, ಒಂದೇ ಕವರಿನಲ್ಲಿ, ಒಮ್ಮೆ ಮುಂಗಾರಿನಲ್ಲಿ ಹುಟ್ಟಿದ್ದಳು, ಒಮ್ಮೆ ಚಳಿಗಾಲದಲ್ಲಿ. ಅಣ್ಣನಿಗೆ ಅದರಲ್ಲಿ ಏನೂ ವಿಚಿತ್ರ ಕಂಡಿರಲಿಲ್ಲ.

"ಇದೇನಣ್ಣ, ಎರಡ ಹುಟ್ಟು?" ಎಂದೆ, ನನಗೇನೂ ಗೊತ್ತಿಲ್ಲದವಳಂತೆ.

"ಅದು ಸಾಲಿ ಹುಟ್ಟು, ಇದು ದೇವರ ಹುಟ್ಟು. ಸಾಲಿದು ಸರಕಾರಕ್ಕ, ಕುಂಡಲಿ ಅಯ್ಯನವ್ರಿಗೆ. ಎಲ್ಲಾರಿಗೂ ಹಂಗ ಇರತೈತಿ" ಎಂದ. ನಾನೇ ಪಾಠ ಕೇಳಬೇಕಾದವಳು ಎಂಬ ಹಾಗೆ.

ಅವನು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಇದು ಹೀಗೇ. ಸರಕಾರಕ್ಕೆ ಒಂದು ವಯಸ್ಸು, ದೇವರಿಗೆ ಒಂದು ವಯಸ್ಸು. ಎರಡೂ ಎಂದೂ ಮುಖಾಮುಖಿ ಆಗುವುದಿಲ್ಲ. ಸಂವತ್ಸರದ ಹೆಸರನ್ನು ಇಸವಿಗೆ ತಿರುಗಿಸಿ ನೋಡುವ ತಲೆನೋವು ಯಾರಿಗೂ ಬೇಕಾಗಿಲ್ಲ. ನಾನು ಅಲ್ಲಿಯೇ ಬೆರಳಲ್ಲಿ ಎಣಿಸಿದೆ. ಹುಡುಗಿಗೆ ಹದಿನಾರೂವರೆ.

"ಇನ್ನೆರಡ ವರ್ಷ ಓದಲಿ" ಎಂದಷ್ಟೇ ಹೇಳಲು ನನಗೆ ಬಾಯಿ ಬಂತು. ತಪ್ಪು ನನ್ನದು ಎನ್ನಲು ಬರಲಿಲ್ಲ. ಎರಡು ವರ್ಷಕ್ಕೆ ನಿವೃತ್ತಿ, ಆ ರಜಿಸ್ಟರಿನಲ್ಲಿ ನನ್ನದೇ ಅಕ್ಷರ. ಹೆದರಿಕೆ ಎಂದರೆ ಹೆದರಿಕೆಯೇ, ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

"ಹೆಣ್ಣಮಗಳು ದೊಡ್ಡಾಕಿ ಆದಮ್ಯಾಲೆ ಮನ್ಯಾಗ ಇಟ್ಕೊಬಾರದು ಅಂತ ಶಾಸ್ತ್ರನ ಐತಿ. ಸರಕಾರ ಹದಿನೆಂಟ ಅಂತು, ಅದಕ್ಕ ಕಾದೇನಿ. ಶಾಸ್ತ್ರಾನೂ ಆತು, ಕಾಯ್ದೇನೂ ಆತು. ನಿನ್ನಂಗ ಮೂವತ್ತರ ತನಕ ಕುಂದ್ರಿಸಲೇನು?" ಎಂದ ಅಣ್ಣ.

ನನಗೆ ಮದುವೆಯಾದದ್ದು ಇಪ್ಪತ್ತೊಂಬತ್ತಕ್ಕೆ, ಅದೂ ಸಾಲಿ ಹುಟ್ಟಿನ ಲೆಕ್ಕದಲ್ಲಿ. ಸಿಟ್ಟು ನೆತ್ತಿಗೇರಿತು. ಯಾವ ಶಾಸ್ತ್ರ, ಎಲ್ಲಿ ಐತಿ, ಯಾವ ಪುಟದಾಗ ಐತಿ ತೋರಸು ಎಂದೆ. ಅವನಿಗೆ ಪುಟ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಒಳಗೆ ಅವ್ವ ಶೇಂಗಾಕಾಯಿ ಸುಲಿಯುತ್ತಿದ್ದಳು. ಎಂಬತ್ತು ದಾಟಿದವಳು, ಇಲ್ಲವೇ ಮುಟ್ಟದವಳು, ಅವಳಿಗೂ ಗೊತ್ತಿಲ್ಲ. "ನಿನಗ ಮದುವಿ ಆದಾಗ ಎಷ್ಟ ವರ್ಷ ಅವ್ವಾ?" ಎಂದು ಎಷ್ಟನೆಯ ಸಲವೋ ಕೇಳಿದೆ.

"ಎಷ್ಟೋ ಯಾಂವ ಬಲ್ಲ. ನಮ್ಮ ಸ್ವಾದರಮಾವ ನನ್ನ ಬಗಲಾಗ ಎತ್ಕೊಂಡು ನಿಂತಿದ್ದ. ಅಕ್ಷತಿ ಬಿದ್ದಾಗ ನನಗ ನಿದ್ದಿ ಹತ್ತಿತ್ತು. ಎಬ್ಬಿಸಿ, ಮದುವಿ ಆತು ಏಳ ಅಂದ್ರು. ಆಮ್ಯಾಲೆ ಐದಾರ ವರ್ಷ ತವರಮನ್ಯಾಗ ಇದ್ದೆ. ಬುದ್ಧಿ ಬಂದಮ್ಯಾಲೆ ಇಲ್ಲಿಗೆ ಕಳಿಸಿದ್ರು." ಒಂದು ಕಾಳು ಬಾಯಿಗೆ ಹಾಕಿಕೊಂಡಳು. "ನನಗ ಮದುವಿ ನೆನಪಿಲ್ಲ. ಬಂದ ದಿವಸ ನೆನಪೈತಿ. ಅವತ್ತ ಅತ್ತೇನಿ."

ಆ ಮಾತಿನಿಂದ ಏನು ತೀರ್ಮಾನಿಸಬೇಕೋ ತಿಳಿಯದೆ ನಾನೂ ಕಾಯಿ ಸುಲಿಯುತ್ತ ಕುಳಿತೆ.

ಮರುವಾರ ಮುರಗೋಡಕ್ಕೆ ಹೋದೆ. ಅಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಶಾಸ್ತ್ರಿಗಳು ಎನ್ನುತ್ತಾರೆ. ಅಣ್ಣನ ಬಾಯಿ ಮುಚ್ಚಿಸುವಂಥ ಒಂದು ವಾಕ್ಯ, ಒಂದು ಸಂಖ್ಯೆ ಸಿಕ್ಕರೆ ಸಾಕಿತ್ತು ನನಗೆ. ಹುಡುಗಿಗೆ ಇಷ್ಟು ವರ್ಷ ತುಂಬದೆ ಮದುವೆ ಮಾಡಬಾರದು ಎಂದು ಧರ್ಮವೇ ಹೇಳಿದೆ ಎಂದು ತೋರಿಸಿ, ನನ್ನ ರಜಿಸ್ಟರಿನ ಸುದ್ದಿಯನ್ನೇ ತೆಗೆಯದೆ ಪಾರಾಗುವ ಆಸೆ.

"ನೀವು ಶರಣರ ದಾರಿಯವ್ರು. ಸ್ಮೃತಿ ಒಪ್ಪದವ್ರು. ನಿಮಗ್ಯಾಕ ಬೇಕ್ರಿ ಈ ಲೆಕ್ಕ ಅಕ್ಕೋರ?" ಎಂದು ಅವರು ಮೊದಲಿಗೇ ಕೇಳಿದರು.

"ನಾವು ಒಪ್ಪೂದಿಲ್ರಿ. ಆದರ ನಮ್ಮಣ್ಣ ಮದುವಿ ಬಂದಾಗ ಅಷ್ಟ ಒಪ್ತಾನ" ಎಂದೆ. ಅವರು ನಕ್ಕು ಕನ್ನಡಕ ಒರೆಸಿಕೊಂಡರು.

ಆಮೇಲೆ ಅವರು ಹೇಳಿದ್ದನ್ನು ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ, ಬರೆದಷ್ಟೂ ತಲೆ ಕೆಟ್ಟಿತು. ಬಹಳ ಹಳೆಯ ಕಾಲದ ಮದುವೆಯ ಮಂತ್ರಗಳನ್ನು ನೋಡಿದರೆ ವಧು ಬೆಳೆದವಳೇ, ತಾನೇ ಹೆಜ್ಜೆ ಇಡುವವಳು. "ಏಳು ಹೆಜ್ಜಿ ಇಡು ಅಂತ ಮಂತ್ರ ಐತ್ರಿ. ಬಗಲಾಗ ಎತ್ಕೊಂಡ ಕೂಸಿಗೆ ಯಾರಾದ್ರೂ ಹೆಜ್ಜಿ ಇಡು ಅಂತಾರೇನು?" ಎಂದರು. ನನಗೆ ಅವ್ವ ನೆನಪಾದಳು. ನಂತರದ ಗ್ರಂಥಗಳಿಗೆ ಬರುತ್ತ ಬರುತ್ತ ವಯಸ್ಸು ಇಳಿಯಿತಂತೆ. ಒಬ್ಬರು ಹನ್ನೆರಡು ಎಂದರು, ಒಬ್ಬರು ಎಂಟು. ಎಂಟರವಳಿಗೆ ಒಂದು ಹೆಸರು, ಒಂಬತ್ತರವಳಿಗೆ ಇನ್ನೊಂದು, ಹತ್ತರವಳಿಗೆ ಮತ್ತೊಂದು ಇಟ್ಟು, ಅದನ್ನು ದಾಟಿಸಿದ ತಂದೆಗೆ ಪಾಪ ಎಂದರು. ಅಣ್ಣನ ಶಾಸ್ತ್ರ ಎಲ್ಲಿಂದ ಬಂತೆಂದು ಗೊತ್ತಾಯಿತು. ಆದರೆ ಎಂಟು ಎಂದ ಗ್ರಂಥವೇ ಇನ್ನೊಂದು ಕಡೆ, ಯೋಗ್ಯ ವರ ಸಿಗದಿದ್ದರೆ ಹುಡುಗಿ ಸಾಯುವ ತನಕ ತವರಿನಲ್ಲೇ ಇರಲಿ ಎಂದಿದೆಯಂತೆ. ದೊಡ್ಡವಳಾಗಿ ಮೂರು ವರ್ಷ ಕಾದು ತಾನೇ ವರನನ್ನು ಹುಡುಕಿಕೊಳ್ಳಲಿ ಎಂದೂ ಇದೆಯಂತೆ. ವೈದ್ಯ ಬರೆದವರು ಮಾತ್ರ, ಹದಿನಾರರ ಒಳಗೆ ತಾಯಿಯಾದರೆ ಕೂಸಿಗೂ ತಾಯಿಗೂ ಕೇಡು ಎಂದು ಹೇಳಿ ಸುಮ್ಮನಾದರಂತೆ.

"ಹಂಗಾರ ಕಡೀಗೆ ಎಷ್ಟ್ರಿ?" ಎಂದೆ. ನನಗೆ ಅಳು ಬರುವುದೊಂದು ಬಾಕಿ.

"ಕಡಿ ಅಂಬೂದು ಇಲ್ಲ. ಯಾವ ಕಾಲಕ್ಕ ಯಾರಿಗೆ ಏನ ಬೇಕಾಗಿತ್ತೊ ಅದನ್ನ ಬರದ್ರು. ಮುಂದ ಬಂದವ್ರು ತಮಗ ಬೇಕಾದ್ದ ಆರಿಸಿದ್ರು. ಬ್ರಿಟಿಷರ ಕಾಲಕ್ಕ ಕಾಯ್ದೆದಾಗ ಹದಿನಾಲ್ಕು ಆತು, ಸ್ವಾತಂತ್ರ್ಯ ಬಂದಮ್ಯಾಲೆ ಹದಿನೈದಾತು, ಆಮ್ಯಾಲೆ ಹದಿನೆಂಟು. ಈಗ ಇಪ್ಪತ್ತೊಂದ ಮಾಡೂ ಮಾತ ನಡದೈತಿ. ಅದೂ ಶಾಸ್ತ್ರನ." ನನ್ನ ನೋಟುಬುಕ್ಕಿನ ಕಡೆ ಬಾಗಿ ಕೇಳಿದರು, "ನಿಮ್ಮ ಹುಡುಗಿಗೆ ಎಷ್ಟ?"

"ಹದಿನಾರೂವರಿ."

"ಹಳೇ ಲೆಕ್ಕ ಹಿಡದ್ರ ಹದಿನೇಳೂ ಕಾಲು ಆಗಬಹುದು. ಗರ್ಭದಿಂದ ಎಣಸೂ ಪದ್ಧತಿ ಇತ್ತು. ಹೊಟ್ಟ್ಯಾಗಿನ ಒಂಬತ್ತ ತಿಂಗಳನೂ ಹಿಡೀತಿದ್ರು."

ಒಂದು ಸಂಖ್ಯೆ ಬೇಡಲು ಹೋದವಳು ಹುಡುಗಿಗೆ ಇನ್ನೂ ಒಂದು ವಯಸ್ಸು ಹೊತ್ತುಕೊಂಡು ಮರಳಿದೆ.

ನನ್ನ ಶಾಲೆಯಲ್ಲಿ ಸವದತ್ತಿಯಿಂದ ಬರುವ ಮುಸಲ್ಮಾನ ಸಹೋದ್ಯೋಗಿ ಒಬ್ಬಳಿದ್ದಾಳೆ. ಅವಳ ತಂದೆ ಧರ್ಮಗ್ರಂಥ ಓದಿಕೊಂಡವರು. ರಜೆಯಲ್ಲಿ ದಾಖಲಾತಿಯ ಕೆಲಸಕ್ಕೆ ನಾವಿಬ್ಬರೂ ಬಂದಿದ್ದ ದಿನ ಅವಳಿಗೆ ಎಲ್ಲ ಹೇಳಿಬಿಟ್ಟೆ, ರಜಿಸ್ಟರಿನ ವಿಷಯವನ್ನೂ. ಹೇಳಿದ ಮೇಲೆ ಹಗುರಾಗಲಿಲ್ಲ. ಮರುದಿನ ಅವಳು ತಂದೆಯನ್ನು ಕೇಳಿಕೊಂಡು ಬಂದಳು.

"ನಮ್ಮಲ್ಲಿ ಹಳಬರು ವರ್ಷಕ್ಕಿಂತ ಮೊದಲ ಮೈ ನೋಡ್ತಿದ್ರಂತ ಅಕ್ಕೋರ. ಗೊತ್ತಾಗಲಿಲ್ಲಂದ್ರ ಹದಿನೈದ ಅಂತ ಹಿಡಿಯೂದು, ಅದೂ ಚಂದ್ರನ ವರ್ಷ. ಆದರ ತಿಳುವಳಿಕಿ ಬಂದಿರಬೇಕು, ಹುಡುಗಿ ಹೂಂ ಅನ್ನಬೇಕು ಅಂತಾನೂ ಐತಂತ. ಅದನ್ನ ಯಾರೂ ನೆನಪಿಡೂದಿಲ್ಲ ಅಂದ್ರು ನಮ್ಮಪ್ಪ. ಅವ್ರು ನನ್ನ ಮದುವಿ ಮಾಡಿದ್ದು ಇಪ್ಪತ್ನಾಕಕ್ಕ."

ಚಂದ್ರನ ವರ್ಷ ನಮ್ಮ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ ಎಂದು ಅವಳೇ ಖಾಲಿ ತರಗತಿಯ ಹಲಗೆಯ ಮೇಲೆ ಲೆಕ್ಕ ಹಾಕಿದಳು. ಆ ಲೆಕ್ಕದಲ್ಲಿ ನಮ್ಮ ಹುಡುಗಿಗೆ ಹದಿನೇಳು ಬಂತು. ಅದರ ಕೆಳಗೆ ನಾನು ಉಳಿದವನ್ನು ಬರೆದೆ. ಶಾಲೆ ಹದಿನೆಂಟು, ಗರ್ಭ ಹದಿನೇಳೂಕಾಲು, ಕುಂಡಲಿ ಹದಿನಾರೂವರೆ. ಮೂವತ್ತಾರು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳು ಹಲಗೆಯ ಮುಂದೆ ನಿಂತು, ಒಂದು ಹುಡುಗಿಗೆ ಎಷ್ಟು ವಯಸ್ಸು ಎಂಬ ಲೆಕ್ಕಕ್ಕೆ ಉತ್ತರ ಕಾಣದೆ ಡಸ್ಟರ್ ತೆಗೆದುಕೊಂಡೆ.

ಬಾಲ್ಯವಿವಾಹ ತಡೆಯುವ ಹೊಣೆಯೂ ಇರುವ, ಪರಿಚಯದ ಅಂಗನವಾಡಿ ಮೇಲ್ವಿಚಾರಕಿಯೊಬ್ಬರನ್ನು, ಬೇರೆ ಯಾರದೋ ಮಾತು ಎಂಬಂತೆ, ಕೇಳಿಯೂ ನೋಡಿದೆ. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಹದಿನೆಂಟು ತುಂಬಿದ್ದರೆ ತಾವು ಹೋಗಿ ಏನೆಂದು ತಡೆಯುವುದು ಎಂದರು. ಅವರ ಮಾತು ನ್ಯಾಯವಾಗಿತ್ತು. ಹುಡುಗಿಯನ್ನು ಕಾಯಬೇಕಾದ ಕಾಗದವನ್ನು ನಾನೇ ಕೆಡಿಸಿಟ್ಟಿದ್ದೆ.

ಇಷ್ಟೆಲ್ಲ ಮಂದಿಯನ್ನು ಕೇಳಿ, ಹುಡುಗಿಯನ್ನು ಕೇಳಿರಲಿಲ್ಲ ಎಂಬುದು ನನಗೆ ಹೊಳೆದದ್ದು ಯಾದಿಯ ಹಿಂದಿನ ದಿನ. ಎರಡೂ ಮನೆಯ ಹಿರಿಯರು ಕುಳಿತು ಮದುವೆಯ ಮಾತುಕತೆಯನ್ನು ಕಾಗದದ ಮೇಲೆ ಬರೆದು ಗಟ್ಟಿ ಮಾಡುವುದಕ್ಕೆ ನಮ್ಮಲ್ಲಿ ಯಾದಿ ಎನ್ನುತ್ತಾರೆ. ಹಿತ್ತಲಲ್ಲಿ ಅವಳು ಬಟ್ಟೆ ಒಣಹಾಕುತ್ತಿದ್ದಳು. ಪಿಯುಸಿ ಎರಡನೇ ವರ್ಷ ಮುಗಿದಿತ್ತು, ಒಳ್ಳೆಯ ಅಂಕ ಬಂದಿದ್ದವು, ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಬೇಕೆಂದು ಅರ್ಜಿ ತಂದು ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು.

"ನಿನಗ ಈ ಮದುವಿ ಮನಸಿಗೈತೇನು?"

"ಹುಡುಗ ಚಲೋ ಅದಾನ ಅತ್ತಿ. ಮಾತಾಡಿಸಿದಾಗ ನನಗೇನ ಬೇಕು ಅಂತ ಕೇಳಿದ. ಯಾರೂ ಕೇಳಿರಲಿಲ್ಲ." ಒದ್ದೆ ಲಂಗವನ್ನು ಝಾಡಿಸಿದಳು. "ಆದರ ಈಗ ಬ್ಯಾಡ. ಈಗ ಬ್ಯಾಡ ಅನ್ನಾಕ ಏನ ಕಾರಣ ಹೇಳ್ಲಿ? ಹದಿನೆಂಟ ಆಗತೈತಲ್ಲ."

ನಾನು ಹೇಳಿದೆ. ಅಂಗನವಾಡಿಯಿಂದ ಹಿಡಿದು ಕಿವಿಯ ತನಕ, ವಾಲಿಸಿದ ತಲೆಯ ತನಕ. ಅವಳು ಬಟ್ಟೆ ಹಾಕುವುದನ್ನು ನಿಲ್ಲಿಸಲಿಲ್ಲ. ಬಕೆಟ್ ಖಾಲಿಯಾದ ಮೇಲೆ ಕೇಳಿದಳು: "ಹಂಗಾರ ನನಗ ಖರೇನ ಎಷ್ಟ?"

"ಹದಿನಾರು ತುಂಬಿ ಆರ ತಿಂಗಳಾತು."

"ಗೌರಿ ಹುಣ್ಣಿವಿ ದಿವಸ ಆಯಿ ನನಗ ಸುಮ್ಮನ ಎಣ್ಣಿ ಹಚ್ಚಿ ಎರೀತಾಳ ಪ್ರತಿ ವರ್ಷ. ಯಾಕಂತ ಕೇಳಿದ್ರ ಹೇಳ್ತಿರಲಿಲ್ಲ" ಎಂದಳು. ಅಜ್ಜಿಗೆ ಅವಳು ಆಯಿ ಎನ್ನುತ್ತಾಳೆ. ಸಿಟ್ಟಾದಳೋ ಇಲ್ಲವೋ ಅವಳ ಮುಖದಲ್ಲಿ ನನಗೆ ತಿಳಿಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಯಾದಿಯ ದಿನ ರಾಮದುರ್ಗದಿಂದ ಹುಡುಗನ ತಂದೆ ಮತ್ತು ಅವರ ಕಡೆಯ ನಾಲ್ವರು ಬಂದರು. ತಂದೆಯದು ಸೀರೆಯ ಅಂಗಡಿ, ಮೆಲುದನಿಯ ಮನುಷ್ಯ. ನಮ್ಮ ಮನೆಯ ಮದುವೆಗಳನ್ನೆಲ್ಲ ಮಾಡಿಸುವ ಅಯ್ಯನವರು ಪಂಚಾಂಗ ಬಿಚ್ಚಿಕೊಂಡು ನಡುಮನೆಯಲ್ಲಿ ಕುಳಿತರು. ಅವ್ವ ಕಂಬಕ್ಕೆ ಒರಗಿದ್ದಳು. ಬಾಗಿಲ ಹಿಂದೆ ಹುಡುಗಿ, ಅವಳ ಪಕ್ಕದಲ್ಲಿ ವೈನಿ. ನಾನು ಕಾಯ್ದೆ, ಆರೋಗ್ಯ, ಓದು ಎಂದು ದೊಡ್ಡ ಭಾಷಣವನ್ನೇ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಹಿರಿಯರ ಮುಂದೆ ಬಂದು ನಿಂತರೆ ಒಂದು ಅಕ್ಷರವೂ ನೆನಪಾಗಲಿಲ್ಲ.

ಅಯ್ಯನವರು ಕುಂಡಲಿ ಎತ್ತಿಕೊಂಡು, "ಕೃತ್ತಿಕಾ, ಚಲೋ ಕೂಡೈತಿ, ಏನೂ ತೊಡಕಿಲ್ಲ" ಎಂದರು. ಅಣ್ಣ ಅಂಕಪಟ್ಟಿಯನ್ನೂ ಮುಂದೆ ಮಾಡಿ, "ಜೂನ್ ಒಂದಕ್ಕ ಹದಿನೆಂಟ ತುಂಬತೈತ್ರಿ, ಐದಕ್ಕ ಮುಹೂರ್ತ ಐತ್ರಿ" ಎಂದ. ಎರಡೂ ಕಾಗದ ಚಾಪೆಯ ಮೇಲೆ ಅಕ್ಕಪಕ್ಕ ಬಿದ್ದಿದ್ದವು.

"ಅಯ್ಯನವರ, ಒಂದ ಮಾತ ಕೇಳಲ್ರಿ?" "ಕುಂಡಲ್ಯಾಗ ಯಾವ ಸಂವತ್ಸರ ಐತ್ರಿ?"

"ಸರ್ವಧಾರಿ."

"ಸರ್ವಧಾರಿ ಆದಮ್ಯಾಲೆ ಎಷ್ಟ ಸಂವತ್ಸರ ಆದವ್ರಿ?"

ಅವರಿಗೆ ಇದು ಪರೀಕ್ಷೆಯಂತೆ ಅನ್ನಿಸಿರಬೇಕು. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಇಟ್ಟು ಜೋರಾಗಿ ಎಣಿಸಿದರು. ವಿರೋಧಿ, ವಿಕೃತಿ, ಖರ, ನಂದನ, ವಿಜಯ. ಎಣಿಸುತ್ತ ಎಣಿಸುತ್ತ ದನಿ ಇಳಿಯಿತು. ಶಾರ್ವರಿ, ಪ್ಲವ. ಹುಡುಗನ ತಂದೆಯೂ ತಮ್ಮ ಬೆರಳಲ್ಲಿ ಎಣಿಸುತ್ತಿದ್ದುದು ಕಾಣುತ್ತಿತ್ತು. ಕ್ರೋಧಿ, ವಿಶ್ವಾವಸು. ಅಯ್ಯನವರು ನಿಂತರು.

"ಹದಿನೇಳನೇದು ಈಗ ನಡದೈತಿ. ಇನ್ನೂ ತುಂಬಿಲ್ಲ" ಎಂದರು.

ಅಣ್ಣ ನನ್ನ ಕಡೆ ನೋಡಿದ. ಅಷ್ಟು ಸರಳವಾಗಿ ಯಾರೂ ನನ್ನನ್ನು ನೋಡಿದ ನೆನಪಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಜೂನ್ ಒಂದ ನಾ ಬರದದ್ದು. ಲಗೂನ ಸಾಲಿಗೆ ಸೇರಲಿ ಅಂತ ಸುಳ್ಳ ಬರದೆ. ತಪ್ಪ ನನ್ನದು" ಎಂದೆ. ಹನ್ನೆರಡು ವರ್ಷ ಹೇಳಲಾಗದ ಮಾತು ಮುಗಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಹಂಗಾರ ಕುಂಡಲಿ ಬ್ಯಾರೆ ಬರಸೂಣು. ಸಾಲಿ ಹುಟ್ಟನ ಹಿಡೀರಿ" ಎಂದ ಅಣ್ಣ. ಅವಮಾನದಿಂದ ಕಿವಿ ಕೆಂಪಗಾಗಿತ್ತು.

ಅಯ್ಯನವರು ತಲೆ ಅಲ್ಲಾಡಿಸಿದರು. "ಸಾಲಿ ಹುಟ್ಟ ಖರೆ ಅಂದ್ರ ನಕ್ಷತ್ರ ಸುಳ್ಳು, ಕೂಡಿದ್ದೂ ಸುಳ್ಳು. ನಕ್ಷತ್ರ ಖರೆ ಅಂದ್ರ ಹುಡುಗಿ ಸಣ್ಣಾಕಿ. ಯಾವ ಹುಟ್ಟಿಗೆ ಅಕ್ಷತಿ ಹಾಕ್ಲಿ ನಾನು?"

"ಹುಣ್ಣಿವಿ ಖರೆ" ಎಂದಳು ಅವ್ವ. "ನಾ ಬೀಗರ ಮನ್ಯಾಗ ಇದ್ದೆ ಅವತ್ತ. ಓಣಿ ಹುಡುಗ್ಯಾರು ಸಕ್ಕರಿ ಆರತಿ ಹಿಡಕೊಂಡು ಹೊಂಟಿದ್ರು. ಇಕಿ ಅತ್ತ ದನಿ ಕೇಳೇತಿ ನನಗ. ಅದನ್ನ ಸುಳ್ಳ ಅನಬ್ಯಾಡ್ರಿ."

ಹುಡುಗನ ತಂದೆ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ದೇವರ ಕಾಗದ ಸುಳ್ಳು ಮಾಡಿ ಸೊಸೆಯನ್ನು ತರುವುದು ತಮಗೆ ಬೇಡ ಎಂದರು. ಕುಂಡಲಿಯ ಪ್ರಕಾರವೇ ಹದಿನೆಂಟು ತುಂಬಲಿ, ಮುಂದಿನ ವರ್ಷದ ಗೌರಿ ಹುಣ್ಣಿಮೆ ಆದ ಮೇಲೆ ನೋಡೋಣ ಎಂದರು. ಯಾದಿಯ ಕಾಗದವನ್ನು ಬರೆಯದೆ ಮಡಚಿದರು. ಊಟ ಮಾಡಿಕೊಂಡೇ ಹೋದರು.

ಆಮೇಲೆ ಅಣ್ಣ ನನ್ನೊಡನೆ ಒಂದೇ ಮಾತಾಡಿದ. "ನಾ ಕಾಯ್ದೆ ಪ್ರಕಾರ ನಡದೆ. ಕಾಯ್ದೆನ ನೀ ಬರದಿದ್ದಿ" ಎಂದ.

ನಾನು ಗೆದ್ದೆನೋ ಏನೋ ನನಗೆ ತಿಳಿಯುವುದಿಲ್ಲ. ಮದುವೆ ನಿಂತದ್ದು ಹುಡುಗಿ ಸಣ್ಣವಳೆಂದಲ್ಲ, ನಕ್ಷತ್ರ ತಪ್ಪುತ್ತದೆಂದು. ನಾನು ನಂಬದ ಕಾಗದ ಅವಳನ್ನು ಕಾಯಿತು, ನಾನು ನಂಬಿಕೊಂಡು ಬದುಕಿದ ಕಾಗದ ಅವಳನ್ನು ಒಪ್ಪಿಸಿ ಕೊಡುತ್ತಿತ್ತು. ಮುರಗೋಡದ ಹಿರಿಯರು ಹೇಳಿದ ಹಾಗೆ ನಾನೂ ನನಗೆ ಬೇಕಾದ್ದನ್ನು ಆರಿಸಿಕೊಂಡೆ. ರಜಿಸ್ಟರಿನಲ್ಲಿ ಜೂನ್ ಒಂದು ಇನ್ನೂ ಹಾಗೇ ಇದೆ. ಅದನ್ನು ತಿದ್ದಲು ಕೋರ್ಟಿಗೆ ಹೋಗಬೇಕು, ತಿದ್ದಿದರೆ ಅವಳ ಅಂಕಪಟ್ಟಿಗಳೆಲ್ಲ ತೊಡಕಿಗೆ ಬೀಳುತ್ತವೆ. ಹೋಗಬೇಕೋ ಬಿಡಬೇಕೋ ಇನ್ನೂ ತೀರ್ಮಾನಿಸಿಲ್ಲ.

ಜೂನ್ ಒಂದನೇ ತಾರೀಖು ಬೆಳಿಗ್ಗೆ ಅವಳು ಬೈಲಹೊಂಗಲದ ನಮ್ಮ ಮನೆಗೆ ಬಂದಳು. ಮೊದಲ ಸಲ ನಾನು ಏನೂ ತಂದಿರಲಿಲ್ಲ. ಏನೆಂದು ತರುವುದು? ಚಹಾ ಮಾಡಿ ಕೊಟ್ಟೆ. ಕಾಲೇಜಿನ ಅರ್ಜಿಯನ್ನು ತಂದಿದ್ದಳು, ನನ್ನ ಟೇಬಲ್ ಮೇಲೆ ಇಟ್ಟು ತುಂಬತೊಡಗಿದಳು. ಹುಟ್ಟಿದ ದಿನಾಂಕದ ಮನೆ ಬಂದಾಗ ಪೆನ್ನು ನಿಂತಿತು. ನನ್ನನ್ನು ನೋಡಿದಳು. ನಾನು ಬೇರೆ ಕಡೆ ನೋಡಿದೆ. ಜೂನ್ ಒಂದು ಎಂದೇ ಬರೆದಳು, ಅಂಕಪಟ್ಟಿಯಲ್ಲಿ ಇರುವುದು ಅದೇ.

ಬರೆದು ಮುಗಿಸಿ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಹಿಡಿದುಕೊಂಡಳು. ತಲೆ ನೆಟ್ಟಗಿತ್ತು. ನನಗೆ ನಗಬೇಕೆನ್ನಿಸಿತು, ಆಗಲಿಲ್ಲ.

"ಮುಂದಿನ ವರ್ಷದ ಹುಣ್ಣಿವಿಗೂ ಅಪ್ಪ ಹಿಂಗ ಕಾಯ್ತಾನ ಅತ್ತಿ. ದಿನಾ ಎಣಸ್ತಾನ. ಡಿಗ್ರಿ ಅರ್ಧ ಆಗಿರತೈತಿ ಅವತ್ತ" ಎಂದಳು. "ಅವತ್ತ ಯಾವ ಕಾಗದ ತರ್ತಿ?"

ಅವಳಿಗೆ ಬಸ್ಸಿನ ಹೊತ್ತಾಗಿತ್ತು. ಅರ್ಜಿ ಮಡಚಿಕೊಂಡು ಹೊರಟಳು. ನಾನು ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದೆ.